ಸೊಲ್ಲು ಕೊಡುವವಳು

ಧನ್ಯ ಫೋನ್ ಮಾಡಿದಾಗ ಪ್ರೇಮಲತಾ ಹಿತ್ತಲಲ್ಲಿ ಮೀನು ತೊಳೆಯುತ್ತಿದ್ದಳು. ಕೈಗೆ ಸೋಪು ಹಾಕಿಕೊಂಡು ಒಳಗೆ ಬರುವಷ್ಟರಲ್ಲಿ ಫೋನು ಒಮ್ಮೆ ಕಟ್ಟಾಗಿ ಮತ್ತೆ ಹೊಡೆದುಕೊಳ್ಳುತ್ತಿತ್ತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಾಡುಗಳ ಸಂಗ್ರಹ ನೋಡಿಕೊಳ್ಳುವ ಹುಡುಗಿ ಧನ್ಯ. ಕೆಲವು ವರ್ಷದ ಹಿಂದೆ ಕೊಳವಳ್ಳಿಯ ತವರುಮನೆಗೆ ಬಂದು ಅವ್ವನ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡು ಹೋದವಳು ಅವಳೇ.

"ಚೇಚಿ, ಶನಿವಾರ ನಮ್ಮ ಲೈಬ್ರರಿಯಲ್ಲಿ ಕೇಳುವ ಕೋಣೆ ಶುರುವಾಗ್ತಿದೆ," ಎಂದಳು ಧನ್ಯ, ಮಲಯಾಳದಲ್ಲಿ. "ಹಾಡಿದವರ ಮನೆಯವರನ್ನೆಲ್ಲ ಕರೆದಿದ್ದೀವಿ. ದೊಡ್ಡ ಸ್ಪೀಕರಿನಲ್ಲಿ ಮೊದಲು ನಿಮ್ಮ ಅಮ್ಮನದೇ ಹಾಕೋದು."

"ಯಾವ ಹಾಡು?"

"ಅಂಗಳದಲ್ಲಿ ಕೂತು ಹಾಡಿದರಲ್ಲ, ಆ ಸಾವಿನ ಹಾಡು. ನನಗೆ ನಿಮ್ಮ ಭಾಷೆ ಪೂರ್ತಿ ತಿಳಿಯಲ್ಲ. ಆದರೂ ಕೇಳಿದಾಗೆಲ್ಲ ಮೈ ಜುಂ ಅನ್ನುತ್ತೆ. ಚೇಕಾಡಿಯ ಚಿಕ್ಕಮ್ಮನಿಗೂ ಹೇಳಿದೆ. ಎಷ್ಟು ಖುಷಿಪಟ್ಟರು ಗೊತ್ತಾ?"

ಪ್ರೇಮಲತಾ ಹೂಂ ಎಂದಳು. ಫೋನಿಟ್ಟು ಮೆಟ್ಟಿಲ ಮೇಲೆ ಕೂತಳು. ಬೆಕ್ಕು ಬಂದು ಒಂದು ಮೀನು ಕಚ್ಚಿಕೊಂಡು ಹೋದದ್ದನ್ನು ನೋಡಿಯೂ ಏಳಲಿಲ್ಲ.

ಆ ಹಾಡಿನಲ್ಲಿ ಅವ್ವ ಅತ್ತದ್ದು ಚಿಕ್ಕವ್ವನಿಗಾಗಿ. ಬದುಕಿದ್ದ ಚಿಕ್ಕವ್ವನಿಗಾಗಿ.

ಹಿಂದೆಂದೋ ಕರ್ನಾಟಕದಿಂದ ಬಂದು ನೆಲೆಸಿದ ಅವರ ಜನದಲ್ಲಿ ಸಾವಾದರೆ ಹೆಂಗಸರು ಹೆಣದ ಸುತ್ತ ಕೂತು ಹಾಡಿ ಅಳುವ ಪದ್ಧತಿ ಇತ್ತು. ಒಬ್ಬಳು ಸತ್ತವರ ಹೆಸರು ಹಿಡಿದು ಅವರ ಬದುಕನ್ನೆಲ್ಲ ಹಾಡಿನಲ್ಲಿ ಹೇಳುತ್ತಾ ಹೋಗುತ್ತಾಳೆ. ಅವಳು ಉಸಿರು ತೆಗೆದುಕೊಳ್ಳಲು ನಿಂತಲ್ಲಿ ಇನ್ನೊಬ್ಬಳು ಸೊಲ್ಲು ಕೊಡಬೇಕು, "ಹೌದಲ್ಲೇ ನನ್ನವ್ವಾ, ಹೌದಲ್ಲೇ" ಎಂದು. ಕಲಿತು ಒಪ್ಪಿಸುವ ಹಾಡಲ್ಲ ಅದು. ಯಾರು ಸತ್ತರೋ ಅವರಿಗೇ ಆಗ ಹುಟ್ಟುವಂಥದ್ದು. ಕೊಳವಳ್ಳಿಯಿಂದ ಚೇಕಾಡಿಯವರೆಗೆ ಯಾವ ಮನೆಯಲ್ಲಿ ಸಾವಾದರೂ ಅಕ್ಕ ತಂಗಿಯರಿಬ್ಬರಿಗೇ ಕರೆ ಬರುತ್ತಿತ್ತು. ಅವ್ವ ಅಮ್ಮಿಣಿ ಹಾಡು ಹಿಡಿಯುವವಳು, ಚಿಕ್ಕವ್ವ ಕಾರ್ತ್ಯಾಯನಿ ಸೊಲ್ಲು ಕೊಡುವವಳು.

ಧನ್ಯ ಮೈಕು ಹಿಡಿದು ಬಂದ ಆ ದಿನ ಅವ್ವ ನಾಟಿ ಹಾಡು, ಭತ್ತ ಕುಟ್ಟುವ ಹಾಡು ಎಲ್ಲ ಹಾಡಿದಳು. ಸಾವಿನ ಹಾಡು ಮಾತ್ರ ಆಗುವುದಿಲ್ಲ ಎಂದಳು. ಹೆಣವಿಲ್ಲದೆ ಅದನ್ನು ಹಾಡುವುದುಂಟೆ? ಧನ್ಯ ಬಿಡಲಿಲ್ಲ. ಅಮ್ಮ, ನಿಮ್ಮ ನಂತರ ಇದನ್ನು ಹಾಡುವವರು ಯಾರಿದ್ದಾರೆ ಎಂದು ಗೋಗರೆದಳು. ಕೊನೆಗೆ ಅವ್ವ ಎದ್ದು, ಮನೆಯೊಳಗೆ ಬೇಡವೆಂದು ಅಂಗಳಕ್ಕೆ ಹೋಗಿ, ಒಂದು ಚಾಪೆ ಸುರುಳಿ ಸುತ್ತಿ ಮಲಗಿಸಿ ಅದರ ಮೇಲೆ ಬಿಳಿ ಪಂಚೆ ಹೊದಿಸಿದಳು. ತಲೆಯ ಕಡೆ ದೀಪ ಹಚ್ಚಿದಳು. ಆಮೇಲೆ ಪ್ರೇಮಲತಾಳ ಕಡೆ ತಿರುಗಿ, "ಹೆಸರಿಲ್ಲದೆ ಹೆಂಗೆ ಅಳೋದು?" ಎಂದಳು.

ಹೆಸರಿನದೇ ತೊಂದರೆ. ಹೋದವರಿಗೆ ಎರಡನೇ ಸಲ ಅಳಬಾರದು. ಅತ್ತರೆ ಅವರು ದಾರಿಯಲ್ಲಿ ತಿರುಗಿ ನಿಲ್ಲುತ್ತಾರೆ, ಮುಂದೆ ಹೋಗಲಾರರು. ಹಾಗಾಗಿ ಅಪ್ಪನ ಹೆಸರು ಹೇಳುವಂತಿಲ್ಲ, ಅಜ್ಜಿಯ ಹೆಸರು ಹೇಳುವಂತಿಲ್ಲ. ಸತ್ತವರಿಗೆಲ್ಲ ಒಮ್ಮೆ ಅತ್ತಾಗಿದೆ. ಉಳಿದದ್ದು ಬದುಕಿರುವವರ ಹೆಸರು. ಪ್ರೇಮಲತಾ ಬೇಡ ಅನ್ನುವಷ್ಟರಲ್ಲಿ ಅವ್ವ ಕಣ್ಣು ಮುಚ್ಚಿ ಹಿಡಿದೇ ಬಿಟ್ಟಿದ್ದಳು:

*ಹೋದ್ಯಾ ಕಾರ್ತ್ಯಾಯನೀ, ಹೊಳೆ ದಾಟಿ ಹೋದ್ಯಾ,*
*ಹಿಂದೆ ತಿರುಗಿ ನೋಡದಂಗೆ ಹೋದ್ಯಾ ನನ ತಂಗೀ...*

ಪ್ರೇಮಲತಾ ಎದ್ದು ಹಿತ್ತಲಿಗೆ ಹೋದಳು. ಕೊಟ್ಟಿಗೆಯ ಹಿಂದೆ ನಿಂತು, ಹಾಡು ಮುಗಿದು ಧನ್ಯಳ ಮಾತು ಕೇಳಿಸುವವರೆಗೂ ಈಚೆ ಬರಲಿಲ್ಲ.

ಆಗ ಅಕ್ಕತಂಗಿಯರಿಗೆ ಮಾತಿರಲಿಲ್ಲ. ಚಿಕ್ಕವ್ವ ತನ್ನ ಮಗಳು ಗ್ರೀಷ್ಮಳ ಮದುವೆಗೆ ಅಕ್ಕನನ್ನು ಫೋನಲ್ಲಿ ಕರೆದಿದ್ದಳು. ಎಲೆ ಅಡಿಕೆ ಹಿಡಿದು ಬಂದು ಹೊಸಿಲ ಮುಂದೆ ನಿಂತು ಕರೆಯುವುದು ಮರ್ಯಾದೆ. ಒಡಹುಟ್ಟಿದವಳಿಗೇ ಫೋನೇ ಎಂದು ಅವ್ವ ಹೋಗಲಿಲ್ಲ. ಒಡಹುಟ್ಟಿದವಳಿಗೂ ಎಲೆ ಅಡಿಕೆ ಬೇಕೇ ಎಂದು ಚಿಕ್ಕವ್ವ ಆಮೇಲೆ ಬರಲಿಲ್ಲ. ಯಾರ ಮನೆಯಲ್ಲಾದರೂ ಸಾವಾದರೆ ಇಬ್ಬರಲ್ಲಿ ಒಬ್ಬಳು ಹೋಗುತ್ತಿದ್ದಳು, ಇನ್ನೊಬ್ಬಳು ಮೈ ಸರಿಯಿಲ್ಲ ಅನ್ನುತ್ತಿದ್ದಳು. ಅಂಥ ದಿನಗಳಲ್ಲಿ ಅವ್ವ ತಂಗಿಯ ಹೆಸರು ಹಿಡಿದು ಹೆಣದ ಹಾಡು ಹಾಡಿದರೆ ಅದನ್ನು ಶಾಪ ಅನ್ನದೆ ಏನನ್ನಬೇಕು?

ಮುಂದೆ ಅವ್ವನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಸುದ್ದಿ ಕೇಳಿದ ದಿನವೇ ಚಿಕ್ಕವ್ವ ಬಟ್ಟೆಯ ಗಂಟು ಹಿಡಿದು ಆಸ್ಪತ್ರೆಗೆ ಬಂದಳು. ಕೊನೆಯವರೆಗೂ ಅಕ್ಕನ ಪಕ್ಕ ಬಿಡಲಿಲ್ಲ. ತೊಳೆದಳು, ತಿನ್ನಿಸಿದಳು, ತಲೆ ಬಾಚಿದಳು. ಒಂದು ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಬಟ್ಟೆ ಹಿಂಡುತ್ತಾ, ಮುಖ ತಿರುಗಿಸದೆ, "ಅಕ್ಕ ನನ್ ಬಗ್ಗೆ ಏನಾರ ಅಂತಿದ್ದಳಾ ಪ್ರೇಮೇ?" ಎಂದು ಕೇಳಿದ್ದಳು.

"ಏನೂ ಅಂತಿರಲಿಲ್ಲ ಚಿಕ್ಕವ್ವ," ಎಂದಿದ್ದಳು ಪ್ರೇಮಲತಾ.

ಈಗ ಅವ್ವ ಇಲ್ಲ. ಗಂಡ ದಾಮೋದರನ್‌ಗೆ ಪನಮರಂ ಪೇಟೆಯಲ್ಲಿ ಮೆಣಸು, ಶುಂಠಿಯ ವ್ಯಾಪಾರ. ಮನೆಯಲ್ಲಿ ಮಲಯಾಳ, ಮಕ್ಕಳದು ಮಲಯಾಳ, ಅಂಗಡಿಯದೂ ಅದೇ. ಪ್ರೇಮಲತಾಳಿಗೆ ಕನ್ನಡ ತವರಿನ ಮಾತು, ಮತ್ತು ತವರು ಎಂದು ಉಳಿದದ್ದು ಚಿಕ್ಕವ್ವ ಒಬ್ಬಳೇ. ಭಾನುವಾರ ಅವಳ ಫೋನು ಬರುತ್ತಿತ್ತು. ಗದ್ದೆಗೆ ಆನೆ ಇಳಿದದ್ದು, ಸೊಸೆ ಸಾರಿಗೆ ಉಪ್ಪು ಮರೆತದ್ದು, ಕಾಲು ನೋವು, ಅಷ್ಟೇ. ಆದರೆ ಆ ಅರ್ಧ ಗಂಟೆ ಪ್ರೇಮಲತಾ ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ, ಬೈಸಿಕೊಳ್ಳುವ ಹುಡುಗಿ. ಆ ಹಾಡು ಚಿಕ್ಕವ್ವನ ಕಿವಿಗೆ ಬಿದ್ದರೆ ಅದೂ ಹೋಗುತ್ತದೆ. ಅಕ್ಕ ನನ್ನನ್ನು ಜೀವಂತ ಹೂಳಿದಳು, ಇವಳು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಳು ಅನ್ನುತ್ತಾಳೆ. ಅಕ್ಕನ ಮೇಲೆ ಮುನಿದು ವರ್ಷಗಟ್ಟಲೆ ಕೂತವಳು ಅಕ್ಕನ ಮಗಳ ಮೇಲೆ ಮುನಿಯದೆ ಇರುತ್ತಾಳೆಯೇ?

ಗುರುವಾರ ಬೆಳಿಗ್ಗೆ ಅವಳು ಬಸ್ಸು ಹತ್ತಿ ಗ್ರಂಥಾಲಯಕ್ಕೆ ಹೋದಳು. ಓದುವ ಹಾಲಿನಲ್ಲಿ ಹುಡುಗ ಹುಡುಗಿಯರು ತಲೆ ಬಗ್ಗಿಸಿ ಕೂತಿದ್ದರು. ಗೋಡೆಯುದ್ದಕ್ಕೂ ಹಾಡಿದವರ ಫೋಟೋಗಳನ್ನು ತೂಗುಹಾಕುತ್ತಿದ್ದರು. ಅವ್ವನದೂ ಇತ್ತು, ಕ್ಯಾಮೆರಾ ನೋಡಿದರೆ ಬರುವ ಸಿಡುಕು ಮುಖ. ಧನ್ಯ ಒಂದು ಸ್ಟೂಲಿನ ಮೇಲೆ ನಿಂತು ಮೊಳೆ ಹೊಡೆಸುತ್ತಿದ್ದಳು.

"ಆ ಹಾಡು ಬೇಡ ಧನ್ಯ. ಶುಭದ ದಿನ ಸಾವಿನ ಹಾಡು ಯಾಕೆ?" ಎಂದಳು ಪ್ರೇಮಲತಾ.

ಧನ್ಯಳ ಮುಖ ಬಾಡಿತು. ಆದರೆ ವಾದಿಸಲಿಲ್ಲ. "ಶರಿ ಚೇಚಿ. ಮನೆಯವರ ಮಾತೇ ಕೊನೆ, ಅದು ನಮ್ಮ ನಿಯಮ. ನಾಟಿ ಹಾಡು ಹಾಕ್ತೀನಿ. ಅದನ್ನ ಸುಮ್ಮನೆ ಇಟ್ಟಿರಲೋ, ಮುಚ್ಚಿಡಲೋ?"

"ಮುಚ್ಚೋದು ಅಂದರೆ?"

"ಕೇಳೋಕೆ ಬರುವ ಯಾರಿಗೂ ಸಿಗೋದಿಲ್ಲ."

"ಮುಚ್ಚಿಡು."

ಹೇಳಿದ ಮೇಲೆ ಹಗುರವಾಗಬೇಕಿತ್ತು, ಆಗಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವ್ವನ ಬಾಯಿಗೆ ಇನ್ನೊಮ್ಮೆ ಬೀಗ ಹಾಕಿ ಬಂದೆನೇನೋ ಅನ್ನಿಸಿತು. ಮನೆಗೆ ಬಂದು ಊಟಕ್ಕೆ ಕೂತರೆ ಅನ್ನ ಇಳಿಯಲಿಲ್ಲ.

ಶನಿವಾರ ಚಿಕ್ಕವ್ವ ಚೇಕಾಡಿಯಿಂದ ಒಬ್ಬಳೇ ಪನಮರಂಗೆ ಬಂದಿಳಿದಳು. ಜರಿ ಅಂಚಿನ ಕಸವಿನ ಸೀರೆ, ಕೈಯಲ್ಲಿ ಕೊಡೆ, ಜಡೆಗೆ ಮೊಳ ಮಲ್ಲಿಗೆ.

"ಏನು ಚಿಕ್ಕವ್ವ, ಮದುಮಗಳ ಹಂಗೆ."

"ಅಕ್ಕನ ಫೋಟೋ ಹಾಕವ್ರಂತೆ. ಅದರ ಮುಂದೆ ನಿಂತಾಗ ಅವಳಿಗಿಂತ ಚಂದ ಕಾಣಬೇಡವೇ?" ಎಂದು ಪ್ರೇಮಲತಾಳ ಜೊತೆ ಗ್ರಂಥಾಲಯದ ಕಡೆಯ ಬಸ್ಸು ಹತ್ತಿ ಸೀಟಿನಲ್ಲಿ ಕೂತು, ಕೊಡೆಯನ್ನು ಮಡಿಲಲ್ಲಿಟ್ಟುಕೊಂಡಳು. ಸ್ವಲ್ಪ ದೂರ ಹೋದ ಮೇಲೆ, "ಅವಳ ದನಿ ಕೇಳದೆ ಎಷ್ಟು ಕಾಲ ಆಯ್ತು. ಆಸ್ಪತ್ರೇಲಿ ಇದ್ದಾಗಲೂ ಇರಲಿಲ್ಲವಲ್ಲ. ಒಂದೊಂದ್ಸಲ ಮರೆತೇ ಹೋಯ್ತೇನೋ ಅನ್ನಿಸ್ತದೆ ಕಣೆ," ಎಂದಳು.

ಪ್ರೇಮಲತಾ ಕಿಟಕಿಯಾಚೆ ನೋಡಿದಳು.

ಗ್ರಂಥಾಲಯದ ಬಾಗಿಲಲ್ಲಿ ಚಿಕ್ಕವ್ವ ಚಪ್ಪಲಿ ಬಿಟ್ಟಳು. ಕಾವಲುಗಾರ ಬೇಕಿಲ್ಲಮ್ಮ, ಹಾಕಿಕೊಂಡೇ ಹೋಗಿ ಎಂದ. "ಇಷ್ಟು ಪುಸ್ತಕ ಇರೋ ಕಡೆ ಚಪ್ಪಲಿ ತುಳ್ಕೊಂಡು ಹೋಯ್ತೀರಾ ನೀವು?" ಎಂದು ಅವನನ್ನೇ ಗದರಿ ಒಳಗೆ ನಡೆದಳು. ಅವಳನ್ನು ನೋಡಿ ಹಿಂದೆ ಬರುತ್ತಿದ್ದ ಕಾರ್ತುವೂ ಬಿಟ್ಟಳು. ಕಾರ್ತು ಚೇಕಾಡಿ ಕಾಡಂಚಿನ ಹಾಡಿಯ ಹೆಂಗಸು, ಚಿಕ್ಕವ್ವನಿಗೆ ಹಳೆಯ ಪರಿಚಯ. ಜೇನು ಕೀಳುವಾಗ ಹಾಡುವ ಹಾಡುಗಳನ್ನು ಕೊಟ್ಟವಳು.

ಭಾಷಣಗಳು ಬೇಗ ಮುಗಿದವು. ಅವ್ವನ ನಾಟಿ ಹಾಡು ಸ್ಪೀಕರಿನಲ್ಲಿ ಬಂದಾಗ ಚಿಕ್ಕವ್ವ ಬೆನ್ನು ನೆಟ್ಟಗೆ ಮಾಡಿ ಕೂತು, ಪಕ್ಕದವರಿಗೆಲ್ಲ ಕಣ್ಣಲ್ಲೇ ಇದು ನಮ್ಮವಳು ಎಂದು ತೋರಿಸಿದಳು. ಬಳಿಕ ಕಾರ್ತುವಿನ ಹಾಡು. ಕಾರ್ತು ತುಟಿ ಕೊಂಕಿಸಿ, "ಇದು ನಾನಲ್ಲ. ನನ್ ಗಂಟ್ಲು ಇಷ್ಟು ತೆಳ್ಳಗಿಲ್ಲ," ಎಂದಳು.

"ನಿಂದೇ ಕಣೆ. ನಾವು ದಿನಾ ಕೇಳೋದು ಇದನ್ನೇ. ನಿನಗೆ ಮಾತ್ರ ಗೊತ್ತಿಲ್ಲ," ಎಂದಳು ಚಿಕ್ಕವ್ವ. ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು.

ಮುಗಿಯಿತು ಎಂದುಕೊಂಡಳು ಪ್ರೇಮಲತಾ. ಯಾರೋ ಮೇಷ್ಟ್ರು ಅವಳನ್ನು ನಿಲ್ಲಿಸಿ ನಿಮ್ಮ ಹಿರಿಯರು ಕರ್ನಾಟಕದ ಯಾವ ಊರಿನವರು ಎಂದು ವಿಚಾರಿಸತೊಡಗಿದರು. ಗೊತ್ತಿದ್ದಷ್ಟು ಹೇಳಿ ತಿರುಗಿದರೆ ಕುರ್ಚಿಯಲ್ಲಿ ಚಿಕ್ಕವ್ವ ಇರಲಿಲ್ಲ.

ಕೇಳುವ ಕೋಣೆಗೆ ಗಾಜಿನ ಗೋಡೆ. ಒಳಗೆ ಚಿಕ್ಕವ್ವ ಕೂತಿದ್ದಳು, ಮಲ್ಲಿಗೆಯ ಮೇಲೆ ಹೆಡ್‌ಫೋನ್ ಒತ್ತಿಕೊಂಡು. ಬಾಗಿಲು ಹಾಕಿದರೆ ಉಸಿರು ಕಟ್ಟುತ್ತದೆ ಎಂದಿರಬೇಕು, ತೆರೆದೇ ಇತ್ತು. ಹೊರಗೆ ಧನ್ಯ ನಿಂತಿದ್ದಳು.

"ಏನು ಕೇಳ್ತಿದ್ದಾಳೆ?"

"ಅಕ್ಕ ಹಾಡಿದ್ದು ಇಷ್ಟೇನಾ ಅಂತ ಕೇಳಿದರು. ಇನ್ನೊಂದಿದೆ ಅಂದೆ."

"ಮುಚ್ಚಿಡು ಅಂದಿದ್ದೆನಲ್ಲ."

"ಮುಚ್ಚಿದ್ದು ಹೊರಗಿನವರಿಗೆ ಚೇಚಿ," ಎಂದಳು ಧನ್ಯ ಗಾಬರಿಯಿಂದ. "ಹಾಡಿದವರ ಒಡಹುಟ್ಟಿದವರಿಗೆ ಇಲ್ಲ ಅನ್ನೋಕಾಗುತ್ತಾ? ಮನೆಯವರಿಗೆ ಯಾವಾಗಲೂ ತೆರೆದೇ ಇರುತ್ತೆ."

ಒಳಗೆ ಓಡಿ ಆ ಹೆಡ್‌ಫೋನ್ ಕಿತ್ತುಕೊಳ್ಳಬೇಕು ಅನ್ನಿಸಿತು. ಗಾಜಿನವರೆಗೆ ಹೋಗಿ ನಿಂತಳು. ಚಿಕ್ಕವ್ವ ಒಂದು ಕೈಯನ್ನು ಬಾಯಿಯ ಮೇಲಿಟ್ಟುಕೊಂಡಿದ್ದಳು. ತನ್ನ ಹೆಸರು ಕೇಳಿಸಿಕೊಂಡಾಗಿತ್ತು. ಕಣ್ಣು ಅಗಲವಾಗಿ ಎದುರಿನ ಖಾಲಿ ಗೋಡೆಯಲ್ಲಿ ನಟ್ಟಿತ್ತು. ಆಮೇಲೆ ಕೈ ನಿಧಾನವಾಗಿ ಕೆಳಗಿಳಿದು ಮೊಣಕಾಲ ಮೇಲೆ ಬಿತ್ತು. ಮೈ ಹಿಂದಕ್ಕೂ ಮುಂದಕ್ಕೂ ತೂಗತೊಡಗಿತು, ಹೆಣದ ಪಕ್ಕ ಕೂತಾಗ ತೂಗುವ ಹಾಗೆ.

ಪ್ರೇಮಲತಾ ಕಣ್ಣು ಮುಚ್ಚಿದಳು. ಆಗ ಕೇಳಿಸಿತು.

"ಹೌದಲ್ಲೇ ನನ್ನಕ್ಕಾ, ಹೌದಲ್ಲೇ."

ಚಿಕ್ಕವ್ವ ಸೊಲ್ಲು ಕೊಡುತ್ತಿದ್ದಳು. ರೆಕಾರ್ಡಿಂಗಿನಲ್ಲಿ ಅವ್ವ ಉಸಿರಿಗೆ ನಿಂತ ಕಡೆಗಳಲ್ಲಿ, ಅಂದು ಯಾರೂ ತುಂಬದೆ ಬಿಟ್ಟ ಜಾಗಗಳಲ್ಲಿ. ಕಿವಿಯಲ್ಲಿ ಅಕ್ಕನ ಹಾಡು ತುಂಬಿದ್ದರಿಂದ ತನ್ನ ದನಿ ಎಷ್ಟು ಏರಿದೆಯೆಂದು ಅವಳಿಗೆ ತಿಳಿಯಲಿಲ್ಲ. ಓದುವ ಹಾಲಿನಲ್ಲಿ ತಲೆಗಳು ಒಂದೊಂದಾಗಿ ಎದ್ದವು. ಯಾರೋ ಶ್ ಎಂದರು. ಧನ್ಯ ಅವರ ಕಡೆ ಕೈಯೆತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಅಕ್ಕನ ಹಾಡು ಹೊರಗಿನವರಿಗೆ ಕೇಳುತ್ತಿರಲಿಲ್ಲ. ತಂಗಿಯ ಸೊಲ್ಲು ಮಾತ್ರ ಮತ್ತೆ ಮತ್ತೆ, ನಡುನಡುವೆ ಮೌನ ಬಿಟ್ಟು, ಪುಸ್ತಕದ ಕಪಾಟುಗಳ ನಡುವೆ ಬರುತ್ತಿತ್ತು.

ಮುಗಿದ ಮೇಲೆ ಚಿಕ್ಕವ್ವ ಹೆಡ್‌ಫೋನ್ ತೆಗೆದು ಮುಖ ಒರೆಸಿಕೊಂಡಳು. ಮಲ್ಲಿಗೆ ಕೆದರಿ ಕಿವಿಯ ಮೇಲೆ ಜೋತಿತ್ತು.

"ಬಾ ಇಲ್ಲಿ," ಎಂದಳು. ಪ್ರೇಮಲತಾ ಹೋಗಿ ನಿಂತಳು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಚಿಕ್ಕವ್ವ."

"ಅದಕ್ಕೇ ಬಸ್ಸಲ್ಲಿ ಮುಖ ಹಂಗೆ ಇಟ್ಕೊಂಡಿದ್ದು. ಗಂಡನ ಜೊತೆ ಏನೋ ಆಗ್ಯದೆ ಅಂದ್ಕೊಂಡಿದ್ದೆ ನಾನು."

"ಬದುಕಿರೋರಿಗೆ ಅಳೋದು ಕೇಡು ಅಂತಾರಲ್ಲ. ನಿನಗೆ ಹೆಂಗೆ ಹೇಳಲಿ?"

"ಯಾವಳು ಹೇಳಿದ್ದು ಕೇಡು ಅಂತ? ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಾಗೆ ತಲೆ ಕುಕ್ಕಿತ್ತು. ನಮ್ಮತ್ತೆ ಏನು ಮಾಡಿದಳು? ನಾನು ಸತ್ತೆ ಅಂತ ಅಕ್ಕನಿಗೆ ಸುಳ್ಳು ಸುದ್ದಿ ಕಳಿಸಿದಳು. ಒಡಹುಟ್ಟಿದೋರು ಒಂದ್ಸಲ ಅತ್ತರೆ ಕಂಟಕ ಕಳೀತದೆ ಅಂತ. ಅಕ್ಕ ಎದೆ ಬಡ್ಕೊಂಡು ಓಡಿ ಬಂದರೆ ನಾನು ಜಗಲೀಲಿ ಕೂತು ಹಲಸಿನ ಬೀಜ ಸುಲೀತಿದ್ದೆ. ಅವತ್ತು ಬಿದ್ದ ಏಟು ಇನ್ನೂ ಬೆನ್ನಲ್ಲಿ ಅದೆ." ಚಿಕ್ಕವ್ವ ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು. "ಅತ್ತು ಅತ್ತೇ ನನ್ನ ಇಷ್ಟು ವರ್ಷ ಉಳಿಸವಳೆ. ಅವಳಿಗೆ ಯಾರೂ ಮುಂಚೆ ಅಳಲಿಲ್ಲ, ಹೋಗಿಬಿಟ್ಟಳು. ನೀನೇನು ಶಾಪ ಅಂದ್ಕೊಂಡ್ಯಾ? ಪೂರ್ತಿ ಕೇಳಿದ್ದೀಯಾ?"

"ಇಲ್ಲ. ನಿನ್ನ ಹೆಸರು ಬಂದ ಕೂಡಲೇ ಎದ್ದು ಹೋದೆ."

"ಹಂಗಾದರೆ ಕೂತ್ಕೋ."

ಚಿಕ್ಕವ್ವ ತಾನೇ ಎದ್ದು ಅವಳನ್ನು ಕುರ್ಚಿಗೆ ತಳ್ಳಿ, ಹೆಡ್‌ಫೋನ್ ತಲೆಗೆ ತೊಡಿಸಿದಳು. ಕೊಬ್ಬರಿ ಎಣ್ಣೆ, ಮಲ್ಲಿಗೆ ಎರಡರ ವಾಸನೆಯೂ ಅದಕ್ಕೆ ಹತ್ತಿತ್ತು. ಧನ್ಯ ಮೊದಲಿಂದ ಹಾಕಿದಳು. ಅವ್ವನ ಕೆಮ್ಮು. ದೂರದಲ್ಲಿ ಹುಂಜ. ಆಮೇಲೆ ಆ ಎರಡು ಸಾಲು, ಇಷ್ಟು ದಿನ ಎದೆಯಲ್ಲಿ ಮುಳ್ಳಾಗಿದ್ದವು. ಈ ಸಲ ಎದ್ದು ಹೋಗಲು ಹಿತ್ತಲಿರಲಿಲ್ಲ. ಕೇಳಿದಳು.

ಅವ್ವ ತಂಗಿಯ ಬಾಲ್ಯವನ್ನು ಹಾಡಿದಳು. ತನ್ನ ಸೊಂಟದ ಮೇಲೆ ಕೂತು ಹೊಳೆ ನೋಡಿದ ಮಗು, ಹಾವು ಕಂಡರೆ ಕೋಲು ಹುಡುಕುತ್ತಿದ್ದ ಹುಡುಗಿ, ಅಕ್ಕನ ಬಾಣಂತನಕ್ಕೆ ಕೆಸರು ತುಳಿದು ಬಂದವಳು. ಪ್ರತಿ ಸಾಲಿನ ಕೊನೆಗೆ ನಿಂತು ಕಾದಳು. ಯಾರೂ ಸೊಲ್ಲು ಕೊಡಲಿಲ್ಲ. ಕಾದು ಮುಂದೆ ಹೋದಳು.

*ನಿನ್ ಮಗಳ ಚಪ್ಪರಕ್ಕೆ ಬರಲಿಲ್ಲ ತಂಗೀ,*
*ಎಲೆ ಅಡಿಕೆ ನೆಪಮಾಡಿ ಒಲೆ ಮುಂದೆ ಕೂತೆ,*
*ಹೊಳೆಗಾಳಿ ನಿಮ್ಮೂರ ವಾಲಗವ ತಂತು,*
*ಅನ್ನಕ್ಕಿಟ್ಟ ನೀರು ಬತ್ತಿ ಹೋದದ್ದು ಕಾಣೆ...*

ಪ್ರೇಮಲತಾಳಿಗೆ ಆ ದಿನ ನೆನಪಿತ್ತು. ತಾನು ಮದುವೆ ಮನೆಯ ಊಟವನ್ನು ಡಬ್ಬಿಯಲ್ಲಿ ತಂದು ಕೊಟ್ಟಾಗ ಅವ್ವ ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದಳು. ಸೀದ ಪಾತ್ರೆ. ಮೇಲೆ ನೋಡದೆ, ಅಲ್ಲಿಡು ಎಂದಿದ್ದಳು.

ಹೆಡ್‌ಫೋನ್ ತೆಗೆದಾಗ ಚಿಕ್ಕವ್ವ ಪಕ್ಕದ ಕುರ್ಚಿಯಲ್ಲಿ ಕೂತು ಹೂವು ಸರಿಮಾಡಿಕೊಳ್ಳುತ್ತಿದ್ದಳು.

"ಆಸ್ಪತ್ರೇಲಿ ಬಾಯಿಗೆ ಗಂಜಿ ಹಾಕುವಾಗೆಲ್ಲ ಅವಳ ಕಣ್ಣೇ ನೋಡ್ತಿದ್ದೆ," ಎಂದಳು. "ಈಗಲಾದರೂ ಕೋಪ ಇಳಿದದೋ ಇಲ್ಲವೋ ತಿಳಿಯಬೇಕಲ್ಲ. ಕಣ್ಣಲ್ಲಿ ಏನೂ ತಿಳೀಲಿಲ್ಲ. ಕೋಪ ಇಟ್ಕೊಂಡೇ ಹೋದಳು ಅಂದ್ಕೊಂಡಿದ್ದೆ. ನೋಡಿದರೆ ನಾನು ಆಸ್ಪತ್ರೆಗೆ ಹೋಗೋಕೆ ಮುಂಚೇನೇ ಎಲ್ಲಾನೂ ಹೇಳಿಟ್ಟವಳೆ, ಈ ಹುಡುಗಿ ಡಬ್ಬಿಯೊಳಗೆ."

"ನಿನ್ನ ಹೆಸರೇ ಯಾಕೆ ಹಿಡಿದಳೋ," ಎಂದಳು ಪ್ರೇಮಲತಾ.

"ಇನ್ಯಾರ ಹೆಸರು ಹಿಡೀತಾಳೆ? ಬೇರೆ ಯಾರು ಸತ್ತಂಗೆ ಅಂದ್ಕೊಂಡರೂ ಅವಳಿಗೆ ಅಷ್ಟು ಅಳು ಬರ್ತಿರಲಿಲ್ಲ." ಹೂವಿನ ಕೊನೆ ಸಿಕ್ಕಿಸುತ್ತಾ, "ಆದರೆ ಒಂದು ಸುಳ್ಳು ಹೇಳವಳೆ. ಹಾವು ಕಂಡರೆ ಕೋಲು ಹುಡುಕ್ತಿದ್ದೋಳು ಅವಳು. ನಾನು ಓಡ್ತಿದ್ದೆ," ಎಂದಳು.

ಧನ್ಯ ಬಾಗಿಲಲ್ಲೇ ನಿಂತಿದ್ದಳು, ಬೈಸಿಕೊಳ್ಳಲು ತಯಾರಾದವಳ ಹಾಗೆ. ಚಿಕ್ಕವ್ವ ಮಲಯಾಳಕ್ಕೆ ತಿರುಗಿ, "ಇದನ್ನ ಮುಚ್ಚಿಟ್ಟಿದ್ದೀರಂತೆ. ಯಾರು ಹೇಳಿದ್ದು?" ಎಂದಳು.

"ನಾನೇ," ಎಂದಳು ಪ್ರೇಮಲತಾ. "ಧನ್ಯ, ಬೀಗ ತೆಗೆದುಬಿಡು. ಯಾರು ಬೇಕಾದರೂ ಕೇಳಲಿ."

"ಹಿಂಗೇ ಬೇಡ," ಎಂದಳು ಚಿಕ್ಕವ್ವ. "ಸೊಲ್ಲಿಲ್ಲದ ಹಾಡು ಕೇಳಿದರೆ ಜನ ಏನಂತಾರೆ? ಅಮ್ಮಿಣಿಯ ಜೊತೆ ಅಳೋಕೆ ಒಬ್ಬರೂ ಇರಲಿಲ್ಲ ಅಂತಾರೆ. ನಾನು ಸೊಲ್ಲು ಕೊಡ್ತೀನಿ, ಅದನ್ನೂ ಸೇರಿಸು ಮಗಳೇ. ಆಗ್ತದಾ ನಿನ್ನ ಯಂತ್ರದಲ್ಲಿ?"

"ಆಗುತ್ತೆ ಅಮ್ಮ. ಹಳೆಯದು ಹಾಗೇ ಇರಲಿ, ನಿಮ್ಮದು ಸೇರಿದ್ದು ಅದರ ಪಕ್ಕ ಇರಲಿ. ಯಾವಾಗ ಬರ್ತೀರಿ?"

"ಯಾವಾಗ ಏನು? ಬಂದೇ ಇದ್ದೀನಲ್ಲ." ಚಿಕ್ಕವ್ವ ಪ್ರೇಮಲತಾಳ ಕಡೆ ನೋಡಿ ಕನ್ನಡದಲ್ಲಿ, "ಸತ್ತವಳೇ ಕೂತು ಸೊಲ್ಲು ಕೊಟ್ಟದ್ದು ಈ ಸೀಮೇಲಿ ನಾನೇ ಮೊದಲು ಇರಬೇಕು," ಎಂದಳು. "ಗಂಟಲು ಒಣಗ್ಯದೆ. ಮೊದಲು ಒಂದು ಚಾ ತರಿಸು."

ಚಾ ಕುಡಿದು, ಹೂವನ್ನು ಬಿಚ್ಚಿ ಪ್ರೇಮಲತಾಳ ಕೈಗೆ ಕೊಟ್ಟು, ಅವಳು ಮತ್ತೆ ಒಳಗೆ ಕೂತಳು. ಸಾವಿನ ಹಾಡಿಗೆ ಹೂ ಮುಡಿದು ಕೂರಬಾರದು. ಧನ್ಯ ಮೈಕನ್ನು ಅವಳ ಬಾಯಿಯ ಹತ್ತಿರ ಸರಿಸಿ, ಈ ಸಲ ಬಾಗಿಲು ಹಾಕಿದಳು. ಚಿಕ್ಕವ್ವ ಉಸಿರು ಕಟ್ಟುತ್ತದೆ ಅನ್ನಲಿಲ್ಲ.

ಹೊರಗೆ ಉದ್ದನೆಯ ಮೇಜಿನ ಮೇಲೆ ಬಂದವರಿಗೆಂದು ಪಳಂಪೊರಿ ಇಟ್ಟಿದ್ದರು. ಬಾಳೆಹಣ್ಣಿನ ಆ ಬಜ್ಜಿ ತಣ್ಣಗಾಗಿ ಎಣ್ಣೆ ಕಾಗದಕ್ಕೆ ಇಳಿದಿತ್ತು. ಕಾರ್ತು ಅಲ್ಲೇ ಕೂತು ಮೊಮ್ಮಕ್ಕಳಿಗೆಂದು ಒಂದಷ್ಟು ಕಟ್ಟಿಕೊಳ್ಳುತ್ತಿದ್ದಳು. ಪ್ರೇಮಲತಾ ಒಂದು ತೆಗೆದುಕೊಂಡು ಗಾಜಿನ ಕಡೆ ಮುಖ ಮಾಡಿ ನಿಂತಳು. ಒಳಗಿನ ದನಿ ಈಗ ಕೇಳುತ್ತಿರಲಿಲ್ಲ. ಚಿಕ್ಕವ್ವನ ಮೈ ತೂಗುವುದು, ತುಟಿ ತೆರೆಯುವುದು ಮಾತ್ರ ಕಾಣುತ್ತಿತ್ತು. ಎಲ್ಲಿ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಎಂದು ನೋಡುತ್ತಾ ತಿಂದಳು. ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿದಳು. ತನಗೆ ಇಷ್ಟು ಹಸಿವಾಗಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.